ಬಳ್ಳಾರಿಯ ಬೀದಿಗಳು ಗೋಡೆಗೆ ಬಂದು ನಿಂತದ್ದು ಹೇಗೆ?

ಕಪ್ಪಗಲ್ಲು ರಸ್ತೆ ಕಡೆಯ ಒಂದು ಬಡಾವಣೆ. 30 ಅಡಿ ರಸ್ತೆ, ಎರಡೂ ಬದಿಗೆ ಚರಂಡಿ, ಬೀದಿದೀಪ. ಕೊನೆಯ ಸೈಟು ದಾಟಿದರೆ ಗೋಡೆ. ಗೋಡೆಯಾಚೆ ಒಂದಿಷ್ಟು ಬಳ್ಳಾರಿ ಜಾಲಿ, ಅದರಾಚೆ ಮತ್ತೊಂದು ಬಡಾವಣೆಯ 30 ಅಡಿ ರಸ್ತೆ. ಇಲ್ಲಿಂದ ಅಲ್ಲಿಗೆ ಆಟೊದಲ್ಲಿ ಹೋಗಬೇಕೆಂದರೆ ಮುಖ್ಯರಸ್ತೆಗೆ ಬಂದು ಸುತ್ತು ಹಾಕಬೇಕು. ಯಾರೋ ನಾಲ್ಕು ಇಟ್ಟಿಗೆ ಕಿತ್ತು ಕಿಂಡಿ ಮಾಡಿದ್ದಾರೆ; ಶಾಲೆ ಹುಡುಗರು ಸೈಕಲ್ ಎತ್ತಿ ಅದರಲ್ಲೇ ತೂರಿಸುತ್ತಾರೆ.

ಹಳೇ ಊರು ಹೀಗಿರಲಿಲ್ಲ. ಗುಡ್ಡದ ಬುಡದ ಕೋಟೆ, 1800ರಲ್ಲಿ ಬ್ರಿಟಿಷರು ಬಂದ ಮೇಲೆ ದಂಡು ಎಂಬ ಸೇನಾ ನೆಲೆ, ಕೌಲ್‌ಬಜಾರ್, ಬ್ರೂಸ್‌ಪೇಟೆ, ಆಮೇಲೆ ರೈಲು, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ. ಪೇಟೆಯ ಓಣಿಗಳು ಇಕ್ಕಟ್ಟು, ನಿಜ. ಆದರೆ ಒಂದು ಕಡೆ ಹೊಕ್ಕವನು ಬಂದ ದಾರಿಯಲ್ಲೇ ತಿರುಗದೆ ಇನ್ನೆಲ್ಲೋ ಹೊರಬೀಳಬಹುದು. ಈ ಹೆಣಿಗೆಗೆ ಬಿದ್ದ ಮೊದಲ ಕತ್ತರಿ ರೈಲು ಹಳಿ. ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ ಕಾದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಬೀದಿಗಳು ಎಷ್ಟು ಕೂಡಿಕೊಂಡಿವೆ ಎಂದು ಅಳೆಯುವ ಲೆಕ್ಕ ಸರಳ: ಚೌಕಕ್ಕೆ ನಾಲ್ಕು ದಾರಿ, ಮೂರು ದಾರಿ ಕೂಡುವಲ್ಲಿ ಮೂರು, ಗೋಡೆ ಮುಟ್ಟಿದ ಬೀದಿಗೆ ಒಂದೇ. ಇವುಗಳ ಸರಾಸರಿ ಇಳಿದಷ್ಟೂ ಊರು ಚದುರಿದೆ ಎಂದರ್ಥ. 1975ರಿಂದೀಚೆಗೆ ಜಗತ್ತಿನ ನಗರಗಳಲ್ಲಿ ಒಟ್ಟಾರೆ ಈ ಸರಾಸರಿ ಇಳಿಯುತ್ತಲೇ ಬಂದಿದೆ. ಅಮೆರಿಕದಲ್ಲಿ 1990ರ ದಶಕದ ನಡುವಿನಿಂದ ಹೊಸ ಬೀದಿಗಳು ಮತ್ತೆ ಕೂಡತೊಡಗಿದವು. ಬಳ್ಳಾರಿಯಲ್ಲಿ ಬಡಾವಣೆಗಳ ಓಟ ಶುರುವಾದದ್ದೇ ಅದರ ನಂತರ.

2000ದ ದಶಕದಲ್ಲಿ ಅದಿರಿನ ಬೆಲೆ ಏರಿತು, ದುಡ್ಡು ಭೂಮಿಗೆ ಬಂತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲ ಎನ್ಎ (ಕೃಷಿಯೇತರ ಭೂಮಿ) ಆಗಿ ಸೈಟಾಯಿತು, ಅದೂ ಒಂದೊಂದೇ ಸರ್ವೆ ನಂಬರ್. ನಕ್ಷೆ ಬರೆಯುವವನಿಗೆ ಲೋಕ ಮುಗಿಯುವುದು ಹೊಲದ ಬದುವಿನಲ್ಲಿ. ರಸ್ತೆಯ ಅಗಲ ಎಷ್ಟು, ಪಾರ್ಕಿಗೆ ಜಾಗ ಎಷ್ಟು, ಎಲ್ಲಕ್ಕೂ ನಿಯಮವಿದೆ, ನೋಡಿಯೂ ನೋಡುತ್ತಾರೆ. ಪಕ್ಕದ ಹೊಲ ಇನ್ನೂ ಹೊಲವೇ ಆಗಿರುವಾಗ ಅಲ್ಲಿಗೆ ರಸ್ತೆ ಕೂಡುತ್ತದೆಯೇ ಎಂದು ಕೇಳುವುದು ಯಾರ ಕೆಲಸ? ಐದು ವರ್ಷ ಬಿಟ್ಟು ಅದೂ ಬಡಾವಣೆಯಾದಾಗ ಅದನ್ನು ಮಾಡುವವರು ತಮ್ಮ ಬಡಾವಣೆಯ ಕಮಾನಿನಿಂದ ಹೊಸದಾಗಿ ಅಳತೆ ಹಿಡಿಯುತ್ತಾರೆ. ಎರಡು ರಸ್ತೆಗಳು ಎಂಟು ಹತ್ತು ಅಡಿ ತಪ್ಪಿ ನಿಲ್ಲುತ್ತವೆ. ಹೊಲವಿದ್ದಾಗ ಬದುವಿನ ಮೇಲೆ ಬಂಡಿ ದಾರಿಯಾದರೂ ಇತ್ತು.

2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸೈಟಿನ ಭರಾಟೆಯೂ ತಣ್ಣಗಾಯಿತು. ಆದರೆ ಕಲ್ಲು ನೆಟ್ಟಾಗಿತ್ತು. ಮನೆ ಕೆಡವಿ ಕಟ್ಟಬಹುದು. ಹತ್ತಾರು ಜನರಿಗೆ ನೋಂದಣಿಯಾದ ಸೈಟುಗಳ ನಡುವೆ ಹೊಸ ದಾರಿ ಬಿಡಿಸಲು ಯಾರ ಸೈಟು ಒಡೆಯುವುದು?

ಚರಂಡಿಯೂ ರಸ್ತೆಯ ಜತೆಗೇ ಗೋಡೆಗೆ ಬಂದು ನಿಲ್ಲುತ್ತದೆ. ಎರೆ ಮಣ್ಣು ನೀರು ಇಂಗಿಸುವುದು ನಿಧಾನ, ಹಾಗಾಗಿ ಒಂದು ದೊಡ್ಡ ಮಳೆ ಬಂದರೆ ಕೊನೆಯ ಮೂರು ಮನೆಯವರು ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುತ್ತಾರೆ. ಈಗ ಖಾತೆ ಕೊಡುವ ಸಡಗರ. ಸೈಟಿನ ಚೆಕ್ಕುಬಂದಿ ಬರೆಯುವಾಗ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಏನಿದೆ ಎಂದು ಕೇಳುತ್ತಾರೆ. ಕೊನೆಯ ಸೈಟಿನವರು ಒಂದು ದಿಕ್ಕಿಗೆ ‘ಖಾಸಗಿ ಗೋಡೆ’ ಎಂದು ಬರೆಸುತ್ತಾರೆ.