ವೈಟ್‌ಚಾಪೆಲ್ ಕೊಲೆಗಾರ ಪೊಲೀಸರ ಕೈಗೆ ಯಾಕೆ ಸಿಗಲಿಲ್ಲ?

1888ರಲ್ಲಿ ಲಂಡನ್ನಿನ ಬಡ ಬಡಾವಣೆ ವೈಟ್‌ಚಾಪೆಲ್ ಸುತ್ತಮುತ್ತ ಒಬ್ಬ ಒಂದಾದ ಮೇಲೊಂದರಂತೆ ಹೆಂಗಸರನ್ನು ಕೊಂದ. ಜನ ಅವನನ್ನು ಜಾಕ್ ದ ರಿಪ್ಪರ್ ಅಂತ ಕರೆದರು, ಅವನು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ.

1888ರ ಸೆಪ್ಟೆಂಬರ್ 29, ಶನಿವಾರ. ರಾತ್ರಿ ಎಂಟೂವರೆ ಸುಮಾರಿಗೆ ಲಂಡನ್ನಿನ ಆಲ್ಡ್‌ಗೇಟ್ ಬೀದಿಯಲ್ಲಿ ಕುಡಿದು ಬಿದ್ದಿದ್ದ ಹೆಂಗಸೊಬ್ಬಳನ್ನು ಪೊಲೀಸರು ಬಿಷಪ್ಸ್‌ಗೇಟ್ ಠಾಣೆಗೆ ಕರೆತಂದರು. ಅಮಲು ಇಳಿದ ಮೇಲೆ, ಒಂದು ಗಂಟೆ ಹೊತ್ತಿಗೆ, ಬಿಟ್ಟು ಕಳಿಸಿದರು. ಹೊರಡುವಾಗ ಆಕೆ ತನ್ನ ಹೆಸರು ಮೇರಿ ಆನ್ ಕೆಲ್ಲಿ, ಮನೆ ಫ್ಯಾಷನ್ ಸ್ಟ್ರೀಟಿನಲ್ಲಿ ಅಂತ ಹೇಳಿದಳು. ಎರಡೂ ಸುಳ್ಳು. ನಿಜವಾದ ಹೆಸರು ಕ್ಯಾಥರೀನ್ ಎಡ್ಡೋಸ್. ವಯಸ್ಸು 46.

ಠಾಣೆಯಿಂದ ಸ್ವಲ್ಪ ದೂರದಲ್ಲಿ ಮೈಟರ್ ಸ್ಕ್ವೇರ್ ಅನ್ನೋ ಪುಟ್ಟ ಚೌಕವಿತ್ತು. ಸುತ್ತ ಗೋದಾಮುಗಳು, ಮಂಕು ಗ್ಯಾಸ್ ದೀಪ. ಪೇದೆ ಎಡ್ವರ್ಡ್ ವಾಟ್ಕಿನ್ಸ್ ಬೀಟ್ ಈ ಚೌಕವನ್ನು ಹಾದು ಹೋಗುತ್ತಿತ್ತು. ಒಂದು ಸುತ್ತು ಮುಗಿಸೋಕೆ 12ರಿಂದ 14 ನಿಮಿಷ ಬೇಕು. ಒಂದೂವರೆಗೆ ಬಂದಾಗ ಲಾಟೀನಿನ ಬೆಳಕಲ್ಲಿ ಮೂಲೆಮೂಲೆ ನೋಡಿದ, ಯಾರೂ ಇರಲಿಲ್ಲ. 1.44ಕ್ಕೆ ಮತ್ತೆ ಬಂದಾಗ ಕತ್ತಲ ಮೂಲೆಯಲ್ಲಿ ಎಡ್ಡೋಸ್ ಸತ್ತು ಬಿದ್ದಿದ್ದಳು. ವಾಟ್ಕಿನ್ಸ್ ಎದುರಿನ ಗೋದಾಮಿಗೆ ಓಡಿ ಕಾವಲುಗಾರನನ್ನು ಕರೆದ. ಕಾವಲುಗಾರ ಬೀದಿಗೆ ಓಡಿ ಸೀಟಿ ಊದಿದ. ಸುದ್ದಿ ಮುಟ್ಟಿಸೋಕೆ ಅವರ ಹತ್ತಿರ ಇದ್ದ ಸಾಧನ ಅಷ್ಟೇ.

ವೈಟ್‌ಚಾಪೆಲ್ ಪೊಲೀಸರು ದಡ್ಡರು, ಸತ್ತವರು ಬಡ ಹೆಂಗಸರು ಅಂತ ಕೈಕಟ್ಟಿ ಕೂತಿದ್ದರು ಅನ್ನೋ ಮಾತನ್ನು ಆಗಾಗ ಕೇಳುತ್ತೇವೆ. ದಾಖಲೆ ಹಾಗೆ ಹೇಳುವುದಿಲ್ಲ. ಇನ್‌ಸ್ಪೆಕ್ಟರ್ ಡೊನಾಲ್ಡ್ ಸ್ವಾನ್ಸನ್ ಅಕ್ಟೋಬರ್ 19ರಂದು ಒಂದು ವರದಿ ಬರೆದ. ಅದರ ಪ್ರಕಾರ ಆ ಹೊತ್ತಿಗಾಗಲೇ 80,000 ಕರಪತ್ರ ಹಂಚಿದ್ದರು. ಬಾಡಿಗೆ ಹಾಸಿಗೆಯ ಛತ್ರಗಳಲ್ಲಿ ಸುಮಾರು 2,000 ಜನರನ್ನು ವಿಚಾರಿಸಿದ್ದರು. 76 ಕಟುಕರನ್ನು ಭೇಟಿ ಮಾಡಿದ್ದರು. ಸುಮಾರು 80 ಜನರನ್ನು ಠಾಣೆಗೆ ತಂದು ಕೂರಿಸಿದ್ದರು. ಇದನ್ನು ಉದಾಸೀನ ಅನ್ನೋಕೆ ಆಗಲ್ಲ. ಇಷ್ಟು ದುಡಿದೂ ಸಿಗಲಿಲ್ಲ ಅಂದರೆ ತಪ್ಪು ಬೇರೆ ಎಲ್ಲೋ ಇತ್ತು.

ಆ ಕಾಲದ ತನಿಖೆ ನಿಂತಿದ್ದೇ ಸಂಬಂಧಗಳ ಮೇಲೆ. ಕೊಲೆಯಾದರೆ ಗಂಡ ಎಲ್ಲಿದ್ದ, ಜಗಳ ಯಾರ ಜೊತೆ ಇತ್ತು, ದುಡ್ಡು ಯಾರಿಗೆ ಸಿಗುತ್ತೆ ಅಂತ ಕೇಳುತ್ತಾ ಹೋಗೋದು. ಜೊತೆಗೆ ಬಾತ್ಮೀದಾರರು. ಬಹುಪಾಲು ಕೊಲೆಗಳಿಗೆ ಇಷ್ಟು ಸಾಕಾಗುತ್ತಿತ್ತು, ಯಾಕೆಂದರೆ ಕೊಂದವರು ಸಾಮಾನ್ಯವಾಗಿ ಸತ್ತವರಿಗೆ ಗೊತ್ತಿರುವವರೇ. ವೈಟ್‌ಚಾಪೆಲ್‌ನಲ್ಲಿ ಕೊಂದವನು ಬಹುಶಃ ಅಪರಿಚಿತ. ಲಾಭ ಇಲ್ಲ, ಹಳೇ ದ್ವೇಷ ಇಲ್ಲ, ಜೊತೆಗಾರರಿಲ್ಲ. ಅಂಥವನ ಬಗ್ಗೆ ಬಾತ್ಮೀದಾರನಿಗೂ ಏನು ಗೊತ್ತಿರುತ್ತೆ? ಆಗ ಮಾತಾಡಬೇಕಾದ್ದು ಜನರಲ್ಲ, ವಸ್ತುಗಳು: ರಕ್ತ, ಬಟ್ಟೆ, ಬೆರಳ ಗುರುತು. ಅವುಗಳ ಭಾಷೆ 1888ರಲ್ಲಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ.

ರಕ್ತವನ್ನೇ ನೋಡಿ. ಆಗಸ್ಟ್ 31ರಂದು ಮೇರಿ ಆನ್ ನಿಕೋಲ್ಸ್ ಹೆಣ ಸಿಕ್ಕ ಬಕ್ಸ್ ರೋ ಬೀದಿಯ ಹತ್ತಿರದಲ್ಲೇ ಕುದುರೆ ಕಡಿಯುವ ಕಸಾಯಿಖಾನೆ ಇತ್ತು. ಅಲ್ಲಿ ರಾತ್ರಿಪಾಳಿಯಲ್ಲಿ ದುಡಿಯುತ್ತಿದ್ದವರನ್ನು ಪೊಲೀಸರು ವಿಚಾರಿಸಿದರು. ಆ ಭಾಗದಲ್ಲಿ ರಕ್ತ ಮೆತ್ತಿದ ಬಟ್ಟೆ ತೊಟ್ಟು ಬೆಳಗಿನ ಜಾವ ಮನೆಗೆ ಹೋಗುವವರು ಬೇಕಾದಷ್ಟು ಜನ. ಒಂದು ಕಲೆ ರಕ್ತವೋ ಅಲ್ಲವೋ ಅಂತ ಹೇಳುವ ರಾಸಾಯನಿಕ ಪರೀಕ್ಷೆಗಳು ಆಗಲೇ ಇದ್ದವು. ಅದು ಮನುಷ್ಯರದ್ದಾ, ಕುದುರೆಯದ್ದಾ ಅಂತ ಹೇಳುವ ನಂಬಿಕಸ್ಥ ಪರೀಕ್ಷೆ ಇರಲಿಲ್ಲ.

ನನಗೆ ತುಂಬಾ ಸಂಕಟ ಕೊಡುವ ಭಾಗ ಇದಲ್ಲ, ಮುಂದಿನದು. ನಿಕೋಲ್ಸ್‌ಳನ್ನು ಬೀದಿಯಲ್ಲಿ ಪರೀಕ್ಷಿಸಿದ ವೈದ್ಯರಿಗೆ ಕಂಡಿದ್ದು ಕತ್ತಿನ ಗಾಯ ಮಾತ್ರ. ಹೊಟ್ಟೆಯ ಗಾಯಗಳು ಗೊತ್ತಾಗಿದ್ದು ಹೆಣವನ್ನು ಶವಾಗಾರಕ್ಕೆ ಸಾಗಿಸಿದ ಮೇಲೆ, ಅದೂ ಒಬ್ಬ ಇನ್‌ಸ್ಪೆಕ್ಟರ್ ಬಟ್ಟೆ ಸರಿಸಿ ನೋಡಿದಾಗ. ಅಷ್ಟರಲ್ಲಿ ಬೀದಿಯ ರಕ್ತವನ್ನು ನೀರು ಹಾಕಿ ತೊಳೆದಿದ್ದರು. ಶವಾಗಾರ ಅಂದರೆ ವರ್ಕ್‌ಹೌಸ್‌ಗೆ, ಅಂದರೆ ಗತಿಯಿಲ್ಲದ ಬಡವರನ್ನು ಇಟ್ಟು ದುಡಿಸುವ ಆಶ್ರಯಕ್ಕೆ, ಸೇರಿದ ಒಂದು ಶೆಡ್ಡು. ಅಲ್ಲಿನ ಇಬ್ಬರು ಕೆಲಸದವರು, ಮರಣೋತ್ತರ ಪರೀಕ್ಷೆಗೆ ಮೊದಲೇ, ಬಟ್ಟೆ ಬಿಚ್ಚಿ ಹೆಣ ತೊಳೆದುಬಿಟ್ಟರು. ಒಂದು ವಾರ ಕಳೆದು ಆನಿ ಚಾಪ್‌ಮನ್ ಕೊಲೆಯಾದಾಗಲೂ ಅದೇ ಕಥೆ. ಹೀಗಾದರೆ ಕೆಲಸ ಮಾಡೋದು ಹೇಗೆ ಅಂತ ಡಾಕ್ಟರ್ ಜಾರ್ಜ್ ಬ್ಯಾಗ್‌ಸ್ಟರ್ ಫಿಲಿಪ್ಸ್ ವಿಚಾರಣೆಯಲ್ಲೇ ದೂರಿದರು. ತೊಳೆದವರಿಗೆ ಅದು ಸತ್ತವರಿಗೆ ಮಾಡುವ ಮಾಮೂಲಿ ಸೇವೆ. ಇದು ಸಾಕ್ಷಿ, ಮುಟ್ಟಬಾರದು ಅನ್ನೋ ಅರಿವು ಅವರಿಗಿದ್ದಂತಿಲ್ಲ.

ಸಾವಿನ ಸಮಯದ ಲೆಕ್ಕವೂ ಅಂದಾಜೇ. ಚಾಪ್‌ಮನ್ ಹೆಣವನ್ನು ಫಿಲಿಪ್ಸ್ ಬೆಳಗ್ಗೆ ಆರೂವರೆಗೆ ನೋಡಿದರು. ಮೈ ಎಷ್ಟು ತಣ್ಣಗಾಗಿದೆ ಅಂತ ಮುಟ್ಟಿ ನೋಡಿ, ಸತ್ತು ಕನಿಷ್ಠ ಎರಡು ಗಂಟೆ ಆಗಿದೆ ಅಂದರು. ಅಂದರೆ ನಾಲ್ಕೂವರೆಗಿಂತ ಮುಂಚೆ. ಆದರೆ ಎಲಿಜಬೆತ್ ಲಾಂಗ್ ಅನ್ನೋ ಸಾಕ್ಷಿ ಐದೂವರೆಗೆ ಆಕೆಯನ್ನು ಒಬ್ಬ ಗಂಡಸಿನ ಜೊತೆ ನೋಡಿದೆ ಅಂದಳು. ಇಬ್ಬರೂ ಸರಿ ಇರೋಕೆ ಸಾಧ್ಯವಿಲ್ಲ. ಬೆಳಗಿನ ಚಳಿ, ದೇಹದಿಂದ ಹರಿದುಹೋದ ರಕ್ತ, ತೆರೆದುಕೊಂಡ ಹೊಟ್ಟೆ: ಇಂಥ ಸ್ಥಿತಿಯಲ್ಲಿ ಹೆಣ ಬೇಗ ತಣ್ಣಗಾಗುತ್ತದೆ. ಚಳಿ ಮತ್ತು ರಕ್ತಸ್ರಾವದ ಮಾತನ್ನು ಫಿಲಿಪ್ಸ್ ಕೂಡ ಸೇರಿಸಿದ್ದರು. ಐದೂವರೆಗೆ ಕಂಡ ಆ ಗಂಡಸು ಕೊಲೆಗಾರನೋ, ದಾರಿಹೋಕನೋ ಅನ್ನೋದು ಈ ಒಂದು ಗಂಟೆಯ ಮೇಲೆ ನಿಂತಿತ್ತು.

ಎಡ್ಡೋಸ್ ಸತ್ತ ರಾತ್ರಿ ಗೌಲ್ಸ್ಟನ್ ಸ್ಟ್ರೀಟಿನಲ್ಲಿ ಆಕೆಯ ಏಪ್ರನ್ನಿನ ತುಂಡು ಸಿಕ್ಕಿತು. ಅದರ ಮೇಲಿನ ಗೋಡೆಯಲ್ಲಿ ಸೀಮೆಸುಣ್ಣದ ಬರಹವಿತ್ತು, ಯಹೂದಿಗಳ ಹೆಸರೆತ್ತಿದ ಬರಹ. ಲಂಡನ್ನಿನಲ್ಲಿ ಬೇರೆ ಬೇರೆ ಎರಡು ಪೊಲೀಸ್ ಪಡೆಗಳಿದ್ದವು: ಮೈಟರ್ ಸ್ಕ್ವೇರ್ ಸಿಟಿ ಪೊಲೀಸರಿಗೆ ಸೇರಿದ್ದು, ಗೌಲ್ಸ್ಟನ್ ಸ್ಟ್ರೀಟ್ ಮೆಟ್ರೊಪಾಲಿಟನ್ ಪೊಲೀಸರಿಗೆ. ಬೆಳಕಾದ ಮೇಲೆ ಫೋಟೊ ತೆಗೆಯೋಣ ಅಂತ ಸಿಟಿಯವರು ಕೇಳಿದರು. ಗಲಭೆ ಆದೀತು ಅಂತ ಮೆಟ್ರೊಪಾಲಿಟನ್ ಕಮಿಷನರ್ ಚಾರ್ಲ್ಸ್ ವಾರನ್ ಅದನ್ನು ಅಳಿಸಿ ಹಾಕಿಸಿದರು. ಅವರ ಭಯ ಸುಳ್ಳಲ್ಲ, ಬಡ ಯಹೂದಿಗಳ ಮೇಲೆ ಆಗಲೇ ಜನರ ಕಣ್ಣು ಬಿದ್ದಿತ್ತು. ಆದರೂ ಬಟ್ಟೆ ಅಡ್ಡ ಹಿಡಿದು ಮುಚ್ಚಿ, ಒಂದು ಗಂಟೆ ಕಾಯಬಹುದಿತ್ತು ಅಂತಲೇ ನನಗನ್ನಿಸುತ್ತದೆ.

ಬೆರಳಚ್ಚಿನ ವಿಷಯ ಇನ್ನೂ ಬೇಸರದ್ದು. ಅಪರಾಧದ ಜಾಗದಲ್ಲಿ ಬಿದ್ದ ಬೆರಳ ಗುರುತಿನಿಂದ ಆಸಾಮಿಯನ್ನು ಹಿಡಿಯಬಹುದು ಅಂತ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫೌಲ್ಡ್ಸ್ 1880ರಲ್ಲೇ ಬರೆದಿದ್ದರು. ಮೆಟ್ರೊಪಾಲಿಟನ್ ಪೊಲೀಸರ ಕೇಂದ್ರ ಕಚೇರಿ ಸ್ಕಾಟ್ಲೆಂಡ್ ಯಾರ್ಡ್ ಆಸಕ್ತಿ ತೋರಿಸಲಿಲ್ಲ. ಅದಕ್ಕೂ ಮುಂಚೆ, 1858ರಲ್ಲಿ, ಬಂಗಾಳದಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ ಒಂದು ಕರಾರಿಗೆ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರರ ಅಂಗೈ ಅಚ್ಚು ಹಾಕಿಸಿಕೊಂಡಿದ್ದರು. ಆದರೆ ಅಚ್ಚು ಇದ್ದರಷ್ಟೇ ಸಾಲದು. ಸಾವಿರಾರು ಹಾಳೆಗಳಲ್ಲಿ ಬೇಕಾದ್ದನ್ನು ನಿಮಿಷಗಳಲ್ಲಿ ಹುಡುಕೋಕೆ ವರ್ಗೀಕರಣ ಬೇಕು. ಅದನ್ನು ಕಟ್ಟಿದ್ದು ಕಲ್ಕತ್ತಾದಲ್ಲಿ, 1890ರ ದಶಕದಲ್ಲಿ, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಬೆರಳ ಗೆರೆಗಳನ್ನು 1,024 ಗುಂಪುಗಳಾಗಿ ಹಂಚುವ ಆ ಪದ್ಧತಿಗೆ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಉಳಿಯಿತು. ಸ್ಕಾಟ್ಲೆಂಡ್ ಯಾರ್ಡ್ ಬೆರಳಚ್ಚು ವಿಭಾಗ ತೆರೆದಿದ್ದು 1901ರಲ್ಲಿ. ಬ್ರಿಟನ್ನಿನಲ್ಲಿ ಬೆರಳಚ್ಚಿನಿಂದ ಕೊಲೆ ಸಾಬೀತಾಗಿದ್ದು ಮೊದಲ ಸಲ 1905ರಲ್ಲಿ.

ರಕ್ತದ ಪರೀಕ್ಷೆಯೂ 1901ರಲ್ಲೇ ಬಂತು. ಜರ್ಮನಿಯ ವಿಜ್ಞಾನಿ ಪಾಲ್ ಉಲೆನ್‌ಹುಟ್ ಮೊಲಕ್ಕೆ ಮನುಷ್ಯರ ರಕ್ತ ಚುಚ್ಚಿ, ಆ ಮೊಲದ ರಕ್ತದಿಂದ ತಿಳಿಯಾದ ಸೀರಂ ಬೇರ್ಪಡಿಸಿದರು. ಒಣಗಿದ ಕಲೆಯನ್ನು ಉಪ್ಪುನೀರಲ್ಲಿ ಕರಗಿಸಿ ಅದಕ್ಕೆ ಬೆರೆಸಿದರೆ, ಮನುಷ್ಯ ರಕ್ತವಾದರೆ ದ್ರಾವಣ ಮಬ್ಬಾಗುತ್ತದೆ. ಲುಡ್ವಿಗ್ ಟೆಸ್ನೋ ಎಂಬ ಬಡಗಿಯನ್ನು 1898ರಲ್ಲಿ ಇಬ್ಬರು ಹುಡುಗಿಯರ ಕೊಲೆಗಾಗಿ ಹಿಡಿದಿದ್ದರು. ಬಟ್ಟೆಯ ಮೇಲಿರೋದು ಮರದ ಬಣ್ಣ ಅಂದ, ಬಿಟ್ಟುಬಿಟ್ಟರು. 1901ರಲ್ಲಿ ಇಬ್ಬರು ಹುಡುಗರು ಕೊಲೆಯಾದಾಗ ಮತ್ತೆ ಅದೇ ಮಾತು ಹೇಳಿದ. ಈ ಸಲ ಬಟ್ಟೆ ಉಲೆನ್‌ಹುಟ್ ಹತ್ತಿರ ಹೋಯಿತು. ಒಂದಷ್ಟು ಕಲೆ ಮನುಷ್ಯರದ್ದು, ಒಂದಷ್ಟು ಕುರಿಯದ್ದು ಅಂತ ಗೊತ್ತಾಯಿತು. ಆ ಸುಮಾರಿನಲ್ಲೇ ಯಾರೋ ಕುರಿಗಳನ್ನೂ ಕಡಿದು ಹಾಕಿದ್ದರು.

ಹಾಗಂತ ವಿಜ್ಞಾನ ಇದ್ದರೆ ಎಲ್ಲ ಸರಿಹೋಗುತ್ತಿತ್ತಾ? ವಿಷ ಪತ್ತೆ ಮಾಡುವ ವಿದ್ಯೆ ವಿಕ್ಟೋರಿಯಾ ಕಾಲದಲ್ಲಿ ಚೆನ್ನಾಗೇ ಬೆಳೆದಿತ್ತು. 1891ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಮಟಿಲ್ಡಾ ಕ್ಲೋವರ್ ಒದ್ದಾಡಿ ಸತ್ತಾಗ ಕುಡಿತದಿಂದ ಸಾವು ಅಂತ ಬರೆದು ಹೂತರು. ಒಂದು ವಾರದ ಹಿಂದಷ್ಟೇ ಅಲ್ಲೇ ಎಲೆನ್ ಡಾನ್‌ವರ್ತ್ ಸ್ಟ್ರಿಕ್ನೀನ್ ಅನ್ನೋ ವಿಷದಿಂದ ಸತ್ತಿದ್ದಳು. ಎರಡನ್ನೂ ಜೋಡಿಸಿ ನೋಡುವ ಕೆಲಸ ಆಗಲಿಲ್ಲ. ಕೊಂದಿದ್ದು ಡಾಕ್ಟರ್ ಥಾಮಸ್ ನೀಲ್ ಕ್ರೀಮ್. ಅವನಾಗೇ ಶ್ರೀಮಂತರಿಗೆ ಬೆದರಿಕೆ ಪತ್ರ ಬರೆದು, ನೀವು ಕ್ಲೋವರ್‌ಗೆ ವಿಷ ಹಾಕಿದ್ದೀರಿ ಅಂದ. ಆಕೆ ವಿಷದಿಂದ ಸತ್ತಿದ್ದಾಳೆ ಅಂತ ಆಗ ಬೇರೆ ಯಾರಿಗೂ ಗೊತ್ತಿರಲಿಲ್ಲ. 1892ರಲ್ಲಿ, ಇನ್ನೂ ಇಬ್ಬರು ಹೆಂಗಸರು ಸತ್ತ ಮೇಲೆ, ಪೊಲೀಸರು ಕ್ಲೋವರ್ ಹೆಣವನ್ನು ಹೊರತೆಗೆಸಿದರು. ತಿಂಗಳುಗಟ್ಟಲೆ ಮಣ್ಣಲ್ಲಿದ್ದ ದೇಹದಲ್ಲೂ ಡಾಕ್ಟರ್ ಥಾಮಸ್ ಸ್ಟೀವನ್ಸನ್ ಸ್ಟ್ರಿಕ್ನೀನ್ ಪತ್ತೆ ಮಾಡಿದರು.