ಆಪರೇಶನ್ ಆದಮೇಲೆ ಅಮ್ಮನಿಗೆ ನಿದ್ದೆ ಇಲ್ಲ, ಗಾಯ ಮಾಯೋದು ತಡ ಆಗುತ್ತಾ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಶನ್ ಆಗಿ ಮೂರು ವಾರ ಆಯ್ತು. ಹೊಲಿಗೆ ಚೆನ್ನಾಗಿ ಕೂಡಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ರಾತ್ರಿ ಒಂದು, ಎರಡು ಗಂಟೆಗೆಲ್ಲ ಎದ್ದು ಕೂತಿರುತ್ತಾಳೆ. ಏನಾಯ್ತಮ್ಮಾ ಅಂದರೆ ‘ಏನಿಲ್ಲ, ನೀನು ಮಲಕ್ಕೋ’ ಅಂತಾಳೆ. ನಿದ್ದೆ ಇಲ್ಲದಿದ್ದರೆ ಗಾಯ ಮಾಯೋದು ತಡ ಆಗುತ್ತಾ? ನಿದ್ದೆ ಮಾತ್ರೆ ಕೊಡಬಹುದಾ?

ಉತ್ತರ: ನಿದ್ದೆಗೂ ಗಾಯಕ್ಕೂ ಸಂಬಂಧ ಇದೆ. ಆದರೆ ಹೊಲಿಗೆ ಕೂಡಿದೆ ಅಂತ ಡಾಕ್ಟರೇ ಹೇಳಿದ್ದಾರಲ್ಲ, ಆ ಭಯ ಬಿಡಿ. ನಿದ್ದೆಗೆಟ್ಟಿದ್ದರ ಪೆಟ್ಟು ಈಗ ಬೀಳುವುದು ಹೆಚ್ಚಾಗಿ ನೋವು, ಊಟ, ಕೈ ವ್ಯಾಯಾಮದ ಮೇಲೆ. ಮಾತ್ರೆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗಾಯಕ್ಕೂ ಮನಸ್ಸಿಗೂ ಏನು ಸಂಬಂಧ ಅಂತ ಅಳೆದು ನೋಡಿದವರಿದ್ದಾರೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ 1995ರಲ್ಲಿ 26 ಹೆಂಗಸರ ತೋಳಿನಲ್ಲಿ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ, ಅದು ಮಾಯುವುದಕ್ಕೆ ಎಷ್ಟು ದಿನ ಬೇಕು ಅಂತ ಎಣಿಸಿತು. ಅವರಲ್ಲಿ 13 ಜನ ಮರೆವಿನ ಕಾಯಿಲೆ ಇದ್ದ ಮನೆಯವರ ಸೇವೆ ಮಾಡುತ್ತಿದ್ದರು. ಅವರ ಗಾಯ ಮಾಯಲು ಉಳಿದವರಿಗಿಂತ ಒಂಬತ್ತು ದಿನ ಜಾಸ್ತಿ ಹಿಡಿಯಿತು. ಮೂರು ವರ್ಷದ ನಂತರ ಅದೇ ತಂಡ ಹಲ್ಲಿನ ಡಾಕ್ಟರಿಕೆ ಓದುವ ಹುಡುಗ ಹುಡುಗಿಯರನ್ನು ನೋಡಿತು. ರಜೆಯಲ್ಲಿ ಆದ ಗಾಯಕ್ಕಿಂತ ಪರೀಕ್ಷೆ ಹೊತ್ತಿನಲ್ಲಿ ಆದ ಗಾಯ ಮಾಯಲು ಮೂರು ದಿನ ಹೆಚ್ಚು ಬೇಕಾಯಿತು. ಎರಡೂ ಸಣ್ಣ ಅಧ್ಯಯನಗಳೇ. ಆದರೂ ಗಮನಿಸಿ, ಮೊದಲನೆಯದರಲ್ಲಿ ಗಾಯ ತಡವಾಗಿದ್ದು ರೋಗಿಗಳಿಗಲ್ಲ, ಅವರನ್ನು ನೋಡಿಕೊಳ್ಳುವವರಿಗೆ! ನೀವೂ ರಾತ್ರಿ ಎರಡಕ್ಕೆ ಎದ್ದಿರುತ್ತೀರಿ ಅಂತ ನಿಮ್ಮ ಪತ್ರವೇ ಹೇಳುತ್ತಿದೆ.

ಯಾಕೆ ಹೀಗೆ? ಮೈ ರಿಪೇರಿಗೆ ಬೇಕಾದ ಗ್ರೋತ್ ಹಾರ್ಮೋನು ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ. ಚಿಂತೆ ಜಾಸ್ತಿಯಾದರೆ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಏರುತ್ತದೆ, ಗಾಯದ ಜಾಗ ಶುಚಿ ಮಾಡುವ ಜೀವಕೋಶಗಳು ಮಂಕಾಗುತ್ತವೆ. ಇದಕ್ಕಿಂತ ಮುಖ್ಯವಾದದ್ದು ನೋವು. ನಿದ್ದೆಗೆಟ್ಟ ಮೈಗೆ ಅದೇ ನೋವು ದೊಡ್ಡದಾಗಿ ಕಾಣುತ್ತದೆ. ನೋವು ಅಂತ ಕೈ ಎತ್ತುವುದಿಲ್ಲ. ಎತ್ತದಿದ್ದರೆ ಭುಜ ಹಿಡಿದುಕೊಳ್ಳುತ್ತದೆ. ಮುಂದೆ ರೇಡಿಯೇಶನ್ ಇದ್ದರೆ ಸಾಮಾನ್ಯವಾಗಿ ಕೈಯನ್ನು ತಲೆಯ ಮೇಲೆ ಎತ್ತಿ ಅಲ್ಲಾಡದೆ ಮಲಗಬೇಕು. ಭುಜ ಬಗ್ಗದಿದ್ದರೆ ಆಗ ಕಷ್ಟ.

ನಿದ್ದೆ ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ಒಂದೇ ಕಾರಣ ಇರುವುದಿಲ್ಲ. ದೊಡ್ಡ ಆಪರೇಶನ್ ಆದ ಮೊದಲ ರಾತ್ರಿಗಳಲ್ಲಿ ಗಾಢ ನಿದ್ದೆ, ಕನಸಿನ ನಿದ್ದೆ ಎರಡೂ ತುಂಡಾಗುತ್ತವೆ. ಬಾಕಿ ಉಳಿದ ಕನಸೆಲ್ಲ ಮುಂದಿನ ರಾತ್ರಿಗಳಲ್ಲಿ ಒಟ್ಟಿಗೆ ಬರುವುದೂ ಉಂಟು, ಕೆಲವರು ಬೆಚ್ಚಿ ಏಳುತ್ತಾರೆ. ಮೂರು ವಾರದ ಹೊತ್ತಿಗೆ ಇದು ಕಡಿಮೆಯಾಗಿರಬೇಕು. ಈಗಿನ ಕಾರಣಗಳು ಬೇರೆ. ಜೀವಮಾನವಿಡೀ ಒಂದು ಮಗ್ಗುಲಲ್ಲಿ ಮಲಗಿದವರಿಗೆ ಅಂಗಾತ ಮಲಗು ಅಂದರೆ ಹೇಗೆ? ಕೈ ಕೆಳಗೆ ಒಂದು ಮೆತ್ತನೆ ದಿಂಬು ಇಡಿ, ಅರ್ಧ ಸಮಸ್ಯೆ ಅಲ್ಲೇ ಇರಬಹುದು. ಕ್ಯಾನ್ಸರ್ ಮತ್ತೆ ಬರದಂತೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಶುರು ಮಾಡಿದ್ದರೆ ರಾತ್ರಿ ಮೈ ಬಿಸಿಯಾಗಿ ಬೆವರಬಹುದು. ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ನಿದ್ದೆ ಕದಿಯುತ್ತದೆ, ಬೆಳಗ್ಗೆಯೇ ತಗೋಬಹುದಾ ಅಂತ ಡಾಕ್ಟರನ್ನು ಕೇಳಿ.

ಇನ್ನು ಆ ‘ಏನಿಲ್ಲ’. ನಮ್ಮ ದೊಡ್ಡಮ್ಮನಿಗೂ ಇದೇ ಆಪರೇಶನ್ ಆಗಿತ್ತು. ಹಳೇ ಬ್ಲೌಸ್ ಪೀಸಿನಲ್ಲಿ ಚೀಲ ಹೊಲಿದು, ಗಾಯದ ನೀರು ಇಳಿಯಲು ಹಾಕಿದ್ದ ಡ್ರೇನ್ ಬಾಟಲಿಯನ್ನು ಅದರಲ್ಲಿಟ್ಟು ನೈಟಿಗೆ ಪಿನ್ ಹಾಕಿಕೊಂಡು ಓಡಾಡುತ್ತಿದ್ದರು. ರಾತ್ರಿ ಎದ್ದು ಕೂರುವುದು ಬಾಟಲಿ ಎಳೆದಂತಾಗಿ ಅಂತ ನಾವಂದುಕೊಂಡೆವು. ಬಾಟಲಿ ತೆಗೆದ ಮೇಲೂ ಕೂರುತ್ತಿದ್ದರು. ಒಂದು ರಾತ್ರಿ ನಾನು ಪಕ್ಕದಲ್ಲಿ ಸುಮ್ನೆ ಕೂತೆ, ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು: “ಬರೀ ಗಂಟು ಅಂದ್ರಲ್ಲ ನೀವೆಲ್ಲ, ಆಸ್ಪತ್ರೆ ಬೋರ್ಡಲ್ಲಿ ಕ್ಯಾನ್ಸರ್ ಅಂತ ಯಾಕೆ ಬರ್ದಿತ್ತು?” ಅವರಿಗೆ ಓದಲು ಬರುತ್ತದೆ ಅನ್ನುವುದೇ ನಮಗೆ ಮರೆತುಹೋಗಿತ್ತು. ಆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ. ಆದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಪ್ರಶ್ನೆ ಕೇಳಿದವರು ದೊಡ್ಡಮ್ಮ, ನಾವಲ್ಲ.

ನಿಮ್ಮ ಮನೆಯಲ್ಲೂ ‘ಗಂಟು’ ಅಂತಲೇ ಹೇಳಿದ್ದೀರಾ? ತೆಗೆದ ಭಾಗದ ಬಯಾಪ್ಸಿ ರಿಪೋರ್ಟು ಬಂತಾ? ಬಂದಿದ್ದರೆ ಅಮ್ಮನಿಗೆ ಅದರಲ್ಲಿ ಏನಿದೆ ಅಂತ ಯಾರಾದರೂ ಹೇಳಿದರಾ? ನಿದ್ದೆ ಮಾತ್ರೆಗೆ ಮೊದಲು ಇವನ್ನು ಕೇಳಿಕೊಳ್ಳಿ.

ನೋಡಲು ಬಂದವರೆಲ್ಲ ‘ಧೈರ್ಯವಾಗಿರಿ, ಮನಸ್ಸು ಗಟ್ಟಿ ಇದ್ದರೆ ಕ್ಯಾನ್ಸರ್ ಓಡಿಹೋಗುತ್ತೆ’ ಅಂತ ಹೇಳಿ ಹೋಗುತ್ತಾರೆ. ನನಗೆ ಈ ಮಾತು ಕೇಳಿದರೆ ಸಿಟ್ಟೇ ಬರುತ್ತದೆ. ಹಾಗಾದರೆ ಅತ್ತವರದ್ದೇ ತಪ್ಪಾ? 1989ರಲ್ಲಿ ಡೇವಿಡ್ ಸ್ಪೀಗಲ್ ಎಂಬ ಅಮೆರಿಕದ ಮನೋವೈದ್ಯರು 86 ಹೆಂಗಸರ ಅಧ್ಯಯನ ಪ್ರಕಟಿಸಿದರು. ಎಲ್ಲರಿಗೂ ಸ್ತನ ಕ್ಯಾನ್ಸರ್ ಬೇರೆ ಕಡೆಗೂ ಹರಡಿತ್ತು. ವಾರಕ್ಕೊಮ್ಮೆ ಗುಂಪಾಗಿ ಕೂತು ಮನಸ್ಸು ಬಿಚ್ಚಿ ಮಾತಾಡಿದವರು ಸರಾಸರಿ ಒಂದೂವರೆ ವರ್ಷದಷ್ಟು ಹೆಚ್ಚು ಬದುಕಿದರು ಅಂತ ಅದರಲ್ಲಿತ್ತು. 2001ರಲ್ಲಿ ಕೆನಡಾದಲ್ಲಿ 235 ಜನರ ಮೇಲೆ ಮತ್ತೆ ನೋಡಿದಾಗ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ದುಗುಡ ಮತ್ತು ನೋವು ಎರಡೂ ಕಡಿಮೆಯಾದವು. ಮಾತಾಡುವುದರಿಂದ ಇಷ್ಟು ಸಿಕ್ಕರೆ ಸಾಕಲ್ವಾ?

ಹಗಲಿಗೆ ಬರೋಣ. ನಾವು ಪ್ರೀತಿಯಿಂದ ಮಾಡುವ ತಪ್ಪು ಇಲ್ಲಿದೆ. ‘ನೀನು ಏನೂ ಮಾಡಬೇಡ, ಮಲಗಿರು’ ಅಂತ ಇಡೀ ದಿನ ಮಂಚದ ಮೇಲೆ ಇರಿಸುತ್ತೇವೆ. ಹಗಲೆಲ್ಲ ತೂಕಡಿಸಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ. ರಾತ್ರಿ ಎಷ್ಟು ಕೆಟ್ಟದಾಗಿ ಕಳೆದಿದ್ದರೂ ಅಷ್ಟೇ. ಬಿಸಿಲಿಗೆ ಕೂರಿಸಿ, ಡಾಕ್ಟರ್ ಒಪ್ಪಿದಷ್ಟು ನಡೆಸಿ, ಅವರೆಕಾಯಿ ಸುಲಿಯುತ್ತೇನೆ ಅಂದರೆ ಬೇಡ ಅನ್ನಬೇಡಿ. ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆ ಮಲಗಿದರೆ ಸಾಕು. ಸಂಜೆ ಕಾಫಿ ಬೇಡ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಹಾಲ್‌ನಲ್ಲಿ ಕೂರಲಿ, ಕಣ್ಣು ಎಳೆದಾಗ ವಾಪಸ್ ಬರಲಿ. ಇವು ಅಜ್ಜಿ ಮದ್ದಲ್ಲ. ಬಹುದಿನದ ನಿದ್ರಾಹೀನತೆಗೆ ಡಾಕ್ಟರುಗಳು ಮಾತ್ರೆಗಿಂತ ಮೊದಲು ಹೇಳುವ ಚಿಕಿತ್ಸೆಯಲ್ಲಿ ಇವೇ ಮುಖ್ಯ ಭಾಗ.

ಮಾತ್ರೆ ಬೇಕೇ ಬೇಕಾದರೆ ಡಾಕ್ಟರ್ ಕೆಲವು ದಿನಕ್ಕೆ ಬರೆದುಕೊಡುತ್ತಾರೆ. ಚಿಕ್ಕಪ್ಪನ ಡಬ್ಬಿಯಲ್ಲಿ ಉಳಿದ ಆಲ್ಪ್ರಜೋಲಾಮ್ ಅನ್ನುವ, ಆತಂಕಕ್ಕೆ ಕೊಡುವ ನಿದ್ದೆ ಬರಿಸುವ ಮಾತ್ರೆಯನ್ನಂತೂ ಕೊಡಬೇಡಿ. ಟ್ರಮಾಡಾಲ್ ತರದ ನೋವಿನ ಮಾತ್ರೆ ಜೊತೆ ಸೇರಿದರೆ ಉಸಿರಾಟ ನಿಧಾನವಾಗಬಹುದು, ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳಬಹುದು. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ: ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಮಾತ್ರೆಗಳು ಟ್ಯಾಮಾಕ್ಸಿಫೆನ್ ಕೆಲಸಕ್ಕೆ ಅಡ್ಡ ಬರುತ್ತವೆ. ಬೇರೆ ಮಾತ್ರೆಗಳಿವೆ. ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ ಇಡೀ ಫೈಲ್ ತೆಗೆದುಕೊಂಡು ಹೋಗಿ.

ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಮಂಕಾಗಿದ್ದರೆ, ಇಷ್ಟದ ಸೀರಿಯಲ್ಲೂ ಬೇಡವಾಗಿದ್ದರೆ, ‘ನಿಮಗೆಲ್ಲ ನಾನು ಭಾರ’ ಅನ್ನುತ್ತಿದ್ದರೆ ಅದು ಬರೀ ನಿದ್ದೆ ವಿಷಯ ಅಲ್ಲ. ಸಾಯುವ ಮಾತು ಬಂದರಂತೂ ಎರಡು ವಾರ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ರಾತ್ರಿ ಇದ್ದಕ್ಕಿದ್ದಂತೆ ಜಾಗ, ಹೊತ್ತು ಗೊತ್ತಾಗದೆ ತಡಬಡಾಯಿಸಿದರೆ, ಜ್ವರ ಬಂದರೆ ಆಪರೇಶನ್ ಮಾಡಿದ ಆಸ್ಪತ್ರೆಗೇ ಹೇಳಿ.

ಮುಂದಿನ ಚೆಕಪ್‌ವರೆಗೆ ಒಂದು ಕೆಲಸ ಮಾಡಿ. ಗೋಡೆಯ ಕ್ಯಾಲೆಂಡರಿನ ಹಿಂದೆ ಅಮ್ಮ ಎಷ್ಟಕ್ಕೆ ಮಲಗಿದರು, ಎಷ್ಟಕ್ಕೆ ಎದ್ದರು, ಹಗಲು ಎಷ್ಟು ಹೊತ್ತು ಮಲಗಿದ್ದರು, ನೋವಿನ ಮಾತ್ರೆ ಯಾವಾಗ ತಗೊಂಡರು ಅಂತ ಬರೆದಿಡಿ. ಪಕ್ಕದಲ್ಲೇ ನಿಮ್ಮ ನಿದ್ದೆಯ ಲೆಕ್ಕವನ್ನೂ ಬರೆಯಿರಿ. ವಾರಕ್ಕೆ ಎರಡು ರಾತ್ರಿಯಾದರೂ ಅಮ್ಮನ ಪಕ್ಕ ಇನ್ಯಾರಾದರೂ ಮಲಗಲಿ.