ತಿಳಿಗುಲಾಬಿ ಶಾಯಿಯನ್ನು ಪರೀಕ್ಷಿಸುವ ಕ್ರಮ: ಒಂದು ಅಧ್ಯಯನ ಟಿಪ್ಪಣಿ

ಕಡುನೀಲಿ ಅಥವಾ ಕಪ್ಪು ಶಾಯಿಯನ್ನು ಪರೀಕ್ಷಿಸುವಾಗ ಪೆನ್ನಿನ ಸಣ್ಣಪುಟ್ಟ ದೋಷಗಳೂ ಕಾಗದದ ಗುಣವೂ ಆ ಗಾಢ ಬಣ್ಣದ ಅಡಿಯಲ್ಲಿ ಮುಚ್ಚಿಹೋಗುತ್ತವೆ. ತಿಳಿಗುಲಾಬಿಯಲ್ಲಿ ಅವು ಅಷ್ಟಾಗಿ ಮುಚ್ಚಿಹೋಗುವುದಿಲ್ಲ. ಹಾಳೆಯ ಮೇಲೆ ಕಾಣುವ ಬಣ್ಣದಲ್ಲಿ ನಿಬ್ಬಿನ ಪಾಲೆಷ್ಟು, ನೀರಿನ ಪಾಲೆಷ್ಟು, ಕಾಗದ ಮತ್ತು ಬೆಳಕಿನ ಪಾಲೆಷ್ಟು ಎಂಬುದನ್ನು ಒಂದೊಂದಾಗಿ ಬೇರ್ಪಡಿಸಿದ ಮೇಲೆಯೇ ಶಾಯಿಯ ಬಗ್ಗೆ ಏನಾದರೂ ಹೇಳಲು ಸಾಧ್ಯ. ದಾವಣಗೆರೆಯ ನನ್ನ ಮನೆಯಲ್ಲಿ ಈ ಬೇಸಿಗೆಯಲ್ಲಿ 30 ಮಿಲಿಲೀಟರಿನ ಒಂದು ಬಾಟಲಿಯನ್ನು ಇಟ್ಟುಕೊಂಡು ಮಾಡಿದ ಪರೀಕ್ಷೆಗಳನ್ನು, ಇದೇ ಅಭ್ಯಾಸದಲ್ಲಿ ತೊಡಗಿರುವವರಿಗೆ ಉಪಯೋಗವಾಗಲೆಂದು ಇಲ್ಲಿ ವಿವರಿಸಿದ್ದೇನೆ.

ಇಂಕ್ ಪೆನ್ನಿನ ಸಾಮಾನ್ಯ ಶಾಯಿಯಲ್ಲಿ ಬಹುಪಾಲು ನೀರೇ ಇರುತ್ತದೆ. ಅದರಲ್ಲಿ ಕರಗಿದ ಬಣ್ಣ, ನಿಬ್ಬು ಬೇಗ ಒಣಗದಂತೆ ತಡೆಯುವ ಗ್ಲಿಸರಿನ್‌ನಂಥ ದ್ರವ, ಹರಿವನ್ನು ಸರಾಗಗೊಳಿಸುವ ಅಲ್ಪ ಪ್ರಮಾಣದ ಸಾಬೂನಿನ ಗುಣದ ವಸ್ತು ಮತ್ತು ಬೂಷ್ಟು ಹಿಡಿಯದಂತೆ ಕಾಯುವ ರಾಸಾಯನಿಕ ಸೇರಿರುತ್ತವೆ. ತಿಳಿಬಣ್ಣದ ಶಾಯಿಯಲ್ಲಿ ಕರಗಿದ ಬಣ್ಣದ ಅಂಶ ಕಡಿಮೆ. ಆದ್ದರಿಂದ ಹಾಳೆಯ ಮೇಲೆ ಶಾಯಿ ಸ್ವಲ್ಪ ದಪ್ಪವಾಗಿ ನಿಂತರೂ, ಸ್ವಲ್ಪ ತೆಳುವಾಗಿ ಹರಿದರೂ ಆ ವ್ಯತ್ಯಾಸ ಕಣ್ಣಿಗೆ ಎದ್ದು ಕಾಣುತ್ತದೆ. ಅರಗು ಬೆರೆಸಿದ ಚಿತ್ರಕಲೆಯ ಶಾಯಿ ಬೇರೆಯೇ ವಸ್ತು. ಅದನ್ನು ಇಂಕ್ ಪೆನ್ನಿಗೆ ಎಂದೂ ತುಂಬಬಾರದು.

ನನ್ನ ಮೊದಲ ತಪ್ಪು ನಡೆದದ್ದು ಪೆನ್ನು ತೊಳೆಯುವಲ್ಲಿ. ಅದುವರೆಗೆ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದ ಪೆನ್ನನ್ನು ನಲ್ಲಿಯ ಕೆಳಗೆ ಮೂರು ಸಲ ತೊಳೆದೆ. ನೀರು ತಿಳಿಯಾಗಿ ಹೊರಬಂತೆಂಬ ಧೈರ್ಯದಿಂದ ಗುಲಾಬಿ ಶಾಯಿಯನ್ನು ತುಂಬಿದೆ. ಮೊದಲ ನಾಲ್ಕು ಸಾಲು ಸರಿಯಾಗಿಯೇ ಇದ್ದವು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅಕ್ಷರಗಳು ನೇರಳೆಗೆ ತಿರುಗಿದವು, ಮೂರನೆಯ ಪುಟದಲ್ಲಿ ಬದನೆ ಹೂವಿನ ಬಣ್ಣವೇ ಬಂತು. ನಿಬ್ಬಿನ ಕೆಳಗಿರುವ ನಾಲಿಗೆಯಲ್ಲಿ, ಅಂದರೆ ಫೀಡ್‌ನಲ್ಲಿ, ಬಾಚಣಿಗೆಯ ಹಲ್ಲುಗಳಂಥ ಸಣ್ಣ ಸೀಳುಗಳಿರುತ್ತವೆ. ಅಲ್ಲಿ ಒಣಗಿ ಕೂತ ನೀಲಿ ನಲ್ಲಿಯ ನೀರಿಗೆ ಕರಗದೆ ಉಳಿದು, ಹೊಸ ಶಾಯಿ ಗಂಟೆಗಟ್ಟಲೆ ನೆನೆಸಿದ ಮೇಲೆ ನಿಧಾನವಾಗಿ ಬಿಟ್ಟುಕೊಂಡಿತ್ತು. ಅನಂತರ ನಿಬ್ಬು ಮತ್ತು ನಾಲಿಗೆಯನ್ನು ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಜಾಲಿಸಿ, ಟಿಶ್ಯೂ ಕಾಗದದ ಮೇಲೆ ನಿಬ್ಬಿನ ಮೊನೆ ಕೆಳಮುಖವಾಗಿರುವಂತೆ ನಿಲ್ಲಿಸಿದೆ. ಬತ್ತಿ ಎಣ್ಣೆಯನ್ನು ಎಳೆಯುವಂತೆ ಕಾಗದ ಒಳಗಿನ ತೇವವನ್ನು ಎಳೆದಾಗ ಅದರ ಮೇಲೆ ಇನ್ನೂ ಒಂದು ನೀಲಿ ಉಂಗುರ ಮೂಡಿತು. ಆ ಉಂಗುರ ಮೂಡದಾಗುವವರೆಗೂ, ಒಟ್ಟು ಆರು ಸಲ, ಇದೇ ಕೆಲಸ ಮಾಡಬೇಕಾಯಿತು. ಪೆನ್ನಿಗೆ ಒಮ್ಮೆ ತುಂಬಿದ ಶಾಯಿಯನ್ನು ಮತ್ತೆ ಬಾಟಲಿಗೆ ಸುರಿಯಬಾರದೆಂಬ ನಿಯಮ ತಿಳಿಬಣ್ಣಗಳಿಗೆ ಇನ್ನೂ ಕಟ್ಟುನಿಟ್ಟು. ಬೇಕಾದಷ್ಟನ್ನು ಸಿರಿಂಜಿನಲ್ಲಿ ತೆಗೆದು ಬೇರೆ ಸೀಸೆಗೆ ಹಾಕಿಕೊಂಡು ಬಳಸುವುದು ಕ್ಷೇಮ.

ತೊಳೆಯುವ ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆಯ ಹಲವು ಮನೆಗಳಲ್ಲಿ ಪಾಲಿಕೆಯ ನಲ್ಲಿ ನೀರೂ ಬೋರ್‌ವೆಲ್ ನೀರೂ ಎರಡೂ ಬರುತ್ತವೆ. ಸ್ಟೀಲ್ ಲೋಟದಲ್ಲಿ ಒಣಗಿದಾಗ ಬಿಳಿಯ ಕಲೆ ಬಿಡುವ ಗಡಸು ನೀರು ನಿಬ್ಬಿನ ಸೀಳಿನಲ್ಲಿ ಒಣಗಿದರೆ ಅಲ್ಲಿಯೂ ಲವಣವನ್ನೇ ಬಿಡುತ್ತದೆ. ಕೊನೆಯ ಎರಡು ಜಾಲನೆಗಳಿಗೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರನ್ನು ಬಳಸಿದರೆ ಸಾಕು.

ಇನ್ನು ಬರವಣಿಗೆ. ಒಂದೇ ಶಾಯಿಯನ್ನು ಸಣ್ಣ ಮೊನೆಯ ಪೆನ್ನಿಗೂ ದಪ್ಪ ಮೊನೆಯ ಪೆನ್ನಿಗೂ ತುಂಬಿ ಅಕ್ಕಪಕ್ಕ ಬರೆದಾಗ ಅವು ಎರಡು ಬೇರೆ ಬಾಟಲಿಗಳ ಶಾಯಿಗಳೆಂಬಂತೆ ಕಂಡವು. ಸಣ್ಣ ಮೊನೆಯ ಗೆರೆಯಲ್ಲಿ ಶಾಯಿ ತೆಳುವಾಗಿ ಹರಡಿ ಪೆನ್ಸಿಲಿನ ಗೀಟಿಗಿಂತಲೂ ಮಂಕಾಗಿತ್ತು. ದಪ್ಪ ಮೊನೆಯ ಗೆರೆಯಲ್ಲಿ, ಅಕ್ಷರದ ತಿರುವಿನಲ್ಲಿ ಮತ್ತು ಕೊನೆಯಲ್ಲಿ ಶಾಯಿ ಮಡುಗಟ್ಟಿ ನಿಂತು, ಒಂದೇ ಅಕ್ಷರದೊಳಗೆ ತಿಳಿಯಿಂದ ಗಾಢಕ್ಕೆ ಸಾಗುವ ಛಾಯೆ ಮೂಡಿತು. ‘ಠ’, ‘ರ’, ‘ಲ’ಗಳಂಥ ದುಂಡು ತಿರುವುಗಳುಳ್ಳ ನಮ್ಮ ಲಿಪಿಯಲ್ಲಿ ಈ ಛಾಯೆ ಬಹಳ ಚೆನ್ನಾಗಿ ಕಾಣುತ್ತದೆ, ಮತ್ತು ಈ ಶಾಯಿಯನ್ನು ಕೊಳ್ಳಲು ಯೋಗ್ಯವಾಗಿಸುವ ಗುಣ ನನ್ನ ಮಟ್ಟಿಗೆ ಇದೊಂದೇ.

ಇಲ್ಲಿ ಬಹಳ ಮಂದಿ ಎಡವುವ ಒಂದು ಸಂಗತಿಯಿದೆ. ಬೇಸಿಗೆಯ ಒಣಹವೆಯಲ್ಲಿ ಮುಚ್ಚಳ ತೆರೆದ ಪೆನ್ನನ್ನು ಐದು ನಿಮಿಷ ಇಟ್ಟು ಬರೆದರೆ ಮೊದಲ ಎರಡು ಮೂರು ಪದಗಳು ಗಾಢವಾಗಿ ಬರುತ್ತವೆ, ಏಕೆಂದರೆ ಮೊನೆಯಲ್ಲಿದ್ದ ಶಾಯಿಯಿಂದ ನೀರಷ್ಟೇ ಆವಿಯಾಗಿ ಬಣ್ಣ ಅಲ್ಲಿಯೇ ಉಳಿದಿರುತ್ತದೆ. ಆ ಪದಗಳನ್ನು ನೋಡಿ ಶಾಯಿ ಓದಲು ಸಾಕಷ್ಟು ಗಾಢವಾಗಿದೆಯೆಂದು ತೀರ್ಮಾನಿಸಬಾರದು. ಪ್ರತಿ ಮಾದರಿಯಲ್ಲೂ ಮೊದಲ ಸಾಲನ್ನು ಬಿಟ್ಟು ಎರಡನೆಯ ಸಾಲಿನಿಂದ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗೆಯೇ, ಹಸಿಯಾಗಿದ್ದಾಗಿನ ಬಣ್ಣವನ್ನು ನಂಬಬಾರದು. ಬರೆದ ಕೂಡಲೇ ಕಣಗಿಲೆ ಹೂವಿನಂತಿದ್ದ ಗೆರೆ ಮರುದಿನ ಹಸಿ ಶೇಂಗಾ ಬೀಜದ ಸಿಪ್ಪೆಯ ಬಣ್ಣಕ್ಕೆ ಇಳಿದಿತ್ತು.

ಕಾಗದದ ವಿಷಯದಲ್ಲಿ ಮೂರನ್ನು ಹೋಲಿಸಿದೆ: ಜೆರಾಕ್ಸ್‌ಗೆ ಬಳಸುವ ಬಿಳಿ ಹಾಳೆ, ಶಾಲಾ ಮಕ್ಕಳ ಲಾಂಗ್ ಬುಕ್, ಮತ್ತು ಮಂಡಿಪೇಟೆಯಲ್ಲಿ ಕೊಂಡ, ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ. ಜೆರಾಕ್ಸ್ ಹಾಳೆಯಲ್ಲಿ ಬೆಳ್ಳಗೆ ಕಾಣಿಸುವ ರಾಸಾಯನಿಕ ಬೆರೆತಿರುವುದರಿಂದ ಅದರ ಬಿಳುಪಿನಲ್ಲಿ ನೀಲಿಯ ಛಾಯೆಯಿರುತ್ತದೆ, ಅದರ ಮೇಲೆ ಗುಲಾಬಿ ತಣ್ಣಗೆ ಕಾಣುತ್ತದೆ. ಲೆಕ್ಕದ ಪುಸ್ತಕದ ಹಳದಿ ಮಿಶ್ರಿತ ಹಾಳೆಯಲ್ಲಿ ಅದೇ ಶಾಯಿ ಕೇಸರಿಯ ಕಡೆಗೆ ವಾಲಿತು. ಲಾಂಗ್ ಬುಕ್ಕಿನಲ್ಲಿ ಗೆರೆಯ ಅಂಚು ಒಡೆದು ನಾರುನಾರಾಗಿ ಹರಡಿತು, ಆದರೆ ಬಣ್ಣ ತಿಳಿಯಾದ್ದರಿಂದ ಅದು ಭೂತಗನ್ನಡಿಯಲ್ಲಿ ನೋಡಿದಾಗ ಮಾತ್ರ ತಿಳಿಯಿತು.

ಓದಲು ಎಷ್ಟು ಸುಲಭ ಎಂಬುದನ್ನು ಅಳೆಯಲು ನಾನು ಕಂಡುಕೊಂಡ ಸರಳ ಉಪಾಯವೆಂದರೆ, ಬರೆದ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಅದನ್ನು ಕಪ್ಪು-ಬಿಳುಪಿಗೆ ಬದಲಾಯಿಸುವುದು. ಬಣ್ಣದ ಆಕರ್ಷಣೆ ಹೊರಟುಹೋದ ಮೇಲೆ ಅಕ್ಷರಕ್ಕೂ ಹಾಳೆಗೂ ಇರುವ ನಿಜವಾದ ಅಂತರವಷ್ಟೇ ಉಳಿಯುತ್ತದೆ. ಸಣ್ಣ ಮೊನೆಯ ಸಾಲುಗಳು ಆ ಚಿತ್ರದಲ್ಲಿ ಬಹುತೇಕ ಮಾಯವಾಗಿದ್ದವು. ಟಿಪ್ಪಣಿ ಬರೆಯಲು ಈ ಶಾಯಿ ಬೇಡ, ನೀಲಿಯಲ್ಲಿ ಬರೆದ ಟಿಪ್ಪಣಿಯ ಅಡಿಗೆರೆಗೆ ಬಳಸಬಹುದು ಎಂಬ ನನ್ನ ತೀರ್ಮಾನಕ್ಕೆ ಈ ಚಿತ್ರವೇ ಆಧಾರ.

ಬಣ್ಣಗಳನ್ನು ಬೇರ್ಪಡಿಸುವ ಪರೀಕ್ಷೆಗೆ ಫಿಲ್ಟರ್ ಕಾಗದದ ಪಟ್ಟಿ ಬೇಕು. ತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಶಾಯಿಯ ಚುಕ್ಕೆಯಿಟ್ಟು, ಚುಕ್ಕೆ ಮುಳುಗದಂತೆ ತುದಿಯನ್ನಷ್ಟೇ ನೀರಿಗೆ ತಾಗಿಸಬೇಕು. ತಿಳಿ ಶಾಯಿಯ ಒಂದು ಚುಕ್ಕೆ ಇದಕ್ಕೆ ಸಾಲದು. ಒಣಗಿಸಿ ಒಣಗಿಸಿ ಅದೇ ಜಾಗದಲ್ಲಿ ಆರು ಸಲ ಇಟ್ಟ ಮೇಲೆ, ನೀರಿನ ಜೊತೆಗೇ ಮೇಲೇರಿದ ಗುಲಾಬಿ ಮತ್ತು ಹಿಂದುಳಿದ ಒಂದು ಮಸುಕು ಹಳದಿ ಪಟ್ಟಿ ಎರಡೂ ಕಂಡವು. ಲೆಕ್ಕದ ಪುಸ್ತಕದಲ್ಲಿ ಬಂದ ಕೇಸರಿ ಛಾಯೆಯಲ್ಲಿ ಹಾಳೆಯ ಹಳದಿಯ ಜೊತೆಗೆ ಈ ಹಳದಿಯೂ ಸೇರಿರಬೇಕು. ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪದ ಕೆಳಗೆ ಹಿಡಿದಾಗ ಗುಲಾಬಿ ಭಾಗ ಹೊಳೆಯಿತು. ಗುಲಾಬಿ ಶಾಯಿಗಳಲ್ಲಿ ಬಳಸುವ ರೋಡಮಿನ್ ಮತ್ತು ಇಯೋಸಿನ್ ಬಗೆಯ ಬಣ್ಣಗಳಿಗೆ ಈ ಗುಣವಿದೆ. ಫಿಲ್ಟರ್ ಕಾಗದದ ಬದಲು ಜೆರಾಕ್ಸ್ ಹಾಳೆ ಬಳಸಿದರೆ ಹಾಳೆಯೇ ನೀಲಿಯಾಗಿ ಹೊಳೆದು ಪರೀಕ್ಷೆ ಕೆಡುತ್ತದೆ.

ಇಯೋಸಿನ್ 1870ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ಬಣ್ಣ. ಹಿಂದೆ ಕೆಂಪು ಶಾಯಿಗಳಲ್ಲಿ ಅದರ ಬಳಕೆ ಹೆಚ್ಚಾಗಿತ್ತು. ಬೆಳಕಿಗೆ ಅದು ಬೇಗ ಮಾಸುತ್ತದೆ. ಡಚ್ ಚಿತ್ರಕಾರ ವಾನ್ ಗೋ ತನ್ನ ಕೊನೆಯ ವರ್ಷಗಳ ಚಿತ್ರಗಳಲ್ಲಿ ಇಯೋಸಿನ್‌ನಿಂದ ಮಾಡಿದ ಕೆಂಪನ್ನು ಬಳಸಿದ್ದ ಕಾರಣ, ಅವುಗಳಲ್ಲಿ ಒಮ್ಮೆ ಗುಲಾಬಿಯಾಗಿದ್ದ ಹೂಗಳು ಇಂದು ಬಿಳಿಯಾಗಿ ಕಾಣುತ್ತವೆ. ನನ್ನ ಬಾಟಲಿಯ ಶಾಯಿ ಎಷ್ಟು ತಡೆದೀತೆಂದು ನೋಡಲು ಎರಡು ಪಟ್ಟಿಗಳಲ್ಲಿ ಬರೆದು, ಪ್ರತಿಯೊಂದರ ಅರ್ಧಕ್ಕೆ ಕಪ್ಪು ರಟ್ಟು ಕಟ್ಟಿ, ಒಂದನ್ನು ತಾರಸಿಯ ಬಿಸಿಲಿಗೂ ಇನ್ನೊಂದನ್ನು ಪೂರ್ವದ ಕಿಟಕಿಯ ಗಾಜಿನ ಹಿಂದೆಯೂ ಇಟ್ಟೆ. ಹದಿನೈದನೆಯ ದಿನ ರಟ್ಟು ಬಿಚ್ಚಿದಾಗ ತಾರಸಿಯ ಪಟ್ಟಿಯಲ್ಲಿ ಒಂದೇ ಪದದ ಮೊದಲರ್ಧ ಗುಲಾಬಿಯಾಗಿಯೇ ಇತ್ತು, ಉಳಿದರ್ಧದ ಜಾಗದಲ್ಲಿ ನಿಬ್ಬು ಒತ್ತಿದ ಗುರುತು ಮಾತ್ರ ಬೆರಳಿಗೆ ಸಿಗುತ್ತಿತ್ತು. ಕಿಟಕಿಯ ಪಟ್ಟಿ ಮಾಸಿದೆ, ಆದರೆ ಇನ್ನೂ ಓದಲು ಬರುತ್ತದೆ. ಅದನ್ನು ಮತ್ತೊಂದು ತಿಂಗಳು ಅಲ್ಲಿಯೇ ಬಿಟ್ಟಿದ್ದೇನೆ.